ಉನ್, ವಾನ್, ನೆ: ಇಂಗ್ಲಿಷ್ ಕಳೆದುಕೊಂಡ ನಿಷೇಧಪದಗಳು

ಹಳೆಯ ಇಂಗ್ಲಿಷಿನಲ್ಲಿ ಬಿರುಗಾಳಿ, ಜಡಿಮಳೆಗೆ ‘ಉನ್‌ವೆಡರ್’ ಎಂದು ಹೆಸರು. ‘ವೆಡರ್’ ಎಂದರೆ ಇಂದಿನ ‘ವೆದರ್’, ಅಂದರೆ ಹವೆ. ‘ಉನ್’ ಎಂಬುದು ನಿಷೇಧದ ಉಪಸರ್ಗ. ಎರಡೂ ಸೇರಿದರೆ ‘ಹವೆಯೇ ಇಲ್ಲ’ ಎಂದಾಗಬೇಕಿತ್ತು. ಹಾಗಾಗುತ್ತಿರಲಿಲ್ಲ. ಹವೆ ಹೇಗಿರಬಾರದೋ ಹಾಗಿದೆ ಎಂಬುದೇ ಆ ಪದದ ತಾತ್ಪರ್ಯ. ಇದೇ ಅಚ್ಚಿನಲ್ಲಿ ‘ಉನ್‌ಲಗು’ ಎಂದರೆ ಕಾನೂನಿನ ಅಭಾವವಲ್ಲ, ಕಾನೂನಿನ ಹೆಸರಿನಲ್ಲೇ ನಡೆಯುವ ಅನ್ಯಾಯ. ‘ಉನ್‌ಡ್ಯಾಡ್’ ಎಂದರೆ ಮಾಡಬಾರದ ಕೆಲಸ, ‘ಉನ್‌ಕ್ರ್ಯಾಫ್ಟ್’ ಎಂದರೆ ಕುಟಿಲ ವಿದ್ಯೆ, ‘ಉನ್‌ಟೀಮ’ ಎಂದರೆ ಹೊತ್ತಲ್ಲದ ಹೊತ್ತು. ಇವುಗಳಲ್ಲಿ ಒಂದೂ ಇಂದಿನ ಇಂಗ್ಲಿಷಿನ ನಿತ್ಯದ ಮಾತಿನಲ್ಲಿ ಉಳಿದಿಲ್ಲ. ಉಪಸರ್ಗ ಮಾತ್ರ ಉಳಿದಿದೆ, ಅದೂ ಉಚ್ಚಾರಣೆ ಬದಲಿಸಿಕೊಂಡು: ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷಿನ ಹ್ರಸ್ವ ಉಕಾರ ಸಡಿಲಗೊಂಡಾಗ ‘ಉನ್’ ಹೋಗಿ ‘ಅನ್’ ಬಂತು.

ಈ ಉಪಸರ್ಗದ ಬೇರು ಕನ್ನಡದ ಓದುಗರಿಗೆ ಅಪರಿಚಿತವಲ್ಲ. ಸಂಸ್ಕೃತದಿಂದ ಕನ್ನಡಕ್ಕೆ ಬಂದ ‘ಅನ್ಯಾಯ’, ‘ಅನರ್ಥ’ಗಳ ಆರಂಭದಲ್ಲಿರುವ ಅ ಮತ್ತು ಅನ್, ಗ್ರೀಕಿನ ಅ ಮತ್ತು ಅನ್, ಲ್ಯಾಟಿನ್ನಿನ ಇನ್, ಜರ್ಮಾನಿಕ್ ಭಾಷೆಗಳ ಉನ್, ಇವೆಲ್ಲವೂ ಇಂಡೋ-ಯುರೋಪಿಯನ್ ಮೂಲಭಾಷೆಯ ಒಂದೇ ಅನುನಾಸಿಕ ಧ್ವನಿಯಿಂದ ಕವಲೊಡೆದವು. ನಂಟು ಎಷ್ಟು ಹತ್ತಿರದ್ದೆಂದರೆ, ನಮ್ಮ ‘ಅಜ್ಞಾತ’ ಮತ್ತು ಹಳೆಯ ಇಂಗ್ಲಿಷಿನ ‘ಉನ್‌ಕೂಥ್’ ಎರಡೂ ಬಿಡಿಬಿಡಿಯಾಗಿ ಒಂದಕ್ಕೊಂದು ಹೊಂದುತ್ತವೆ. ಎರಡರಲ್ಲೂ ಮೊದಲ ತುಂಡು ನಿಷೇಧ, ಎರಡನೆಯ ತುಂಡು ‘ತಿಳಿ’ ಎಂಬರ್ಥದ ಒಂದೇ ಧಾತುವಿನ ರೂಪ. ಅರ್ಥವೂ ಒಂದೇ ಆಗಿತ್ತು: ತಿಳಿಯದ, ಗುರುತಿಲ್ಲದ. ಉಪಸರ್ಗ ಸೇರಿದಾಗ ‘ಇಲ್ಲ’ ಎಂಬರ್ಥ ‘ಕೆಟ್ಟದ್ದು’ ಎಂಬ ಕಡೆಗೆ ವಾಲುವುದೂ ಎರಡು ಕಡೆ ಇದೆ. ‘ಅಕಾಲ’ ಎಂದರೆ ಕಾಲವಿಲ್ಲದ್ದು ಅಲ್ಲ, ‘ಅಧರ್ಮ’ ಎಂದರೆ ಧರ್ಮದ ಬರಿಯ ಗೈರುಹಾಜರಿಯಲ್ಲ. ಹಳೆಯ ಇಂಗ್ಲಿಷ್ ಈ ಎರಡನೆಯ ಅರ್ಥವನ್ನು ಮನಸಾರೆ ಬಳಸಿತು, ಅದರಲ್ಲೂ ನಾಮಪದಗಳ ಮೇಲೆ.

ಅದನ್ನು ಅತಿ ಹತ್ತಿರದಿಂದ ನೋಡಲು ಸಿಗುವುದು ಹನ್ನೊಂದನೆಯ ಶತಮಾನದ ಆರಂಭದ ಬರಹಗಳಲ್ಲಿ. ಎಥೆಲ್ರೆಡ್ ಎಂಬ ಅರಸ 978ರಿಂದ 1016ರವರೆಗೆ, ನಡುವೆ ಒಂದು ಸಣ್ಣ ವಿರಾಮ ಬಿಟ್ಟು, ಇಂಗ್ಲೆಂಡನ್ನು ಆಳಿದ. ಆ ಅವಧಿಯಲ್ಲಿ ಡೇನರ ಹಡಗುಗಳು ಕರಾವಳಿಯನ್ನು ಮತ್ತೆ ಮತ್ತೆ ಕಾಡಿದವು. 991ರಲ್ಲಿ ಎಸೆಕ್ಸ್‌ನ ಮಾಲ್ಡನ್ನಿನಲ್ಲಿ ಸೋತ ಮೇಲೆ ದಾಳಿಕೋರರಿಗೆ 10,000 ಪೌಂಡ್ ಕಪ್ಪ ಕೊಡಲಾಯಿತು. 1012ರ ಹೊತ್ತಿಗೆ ಆ ಮೊತ್ತ 48,000 ಪೌಂಡಿಗೆ ಏರಿತ್ತು. ಮಠಗಳಲ್ಲಿ ವರ್ಷವರ್ಷವೂ ಬರೆದಿಟ್ಟ ‘ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್’ ಈ ದಾಳಿಗಳನ್ನು ದಾಖಲಿಸುವಾಗ ಮತ್ತೆ ಮತ್ತೆ ‘ಉನ್’ ಪದಗಳ ಮೊರೆಹೋಗುತ್ತದೆ. 1009ರಲ್ಲಿ ಸ್ಯಾಂಡ್‌ವಿಚ್ ಬಂದರಿಗೆ ಬಂದಿಳಿದ, ದಾಳಿಕೋರರ ನಾಯಕ ಥೋರ್ಕೆಲ್ಲನ ದಂಡನ್ನು ಅದು ‘ಉನ್‌ಫ್ರಿಥ್‌ಹೆರೆ’ ಎನ್ನುತ್ತದೆ. ‘ಫ್ರಿಥ್’ ಎಂದರೆ ಶಾಂತಿ, ಕಾಪು. ‘ಹೆರೆ’ ಎಂದರೆ ಸೇನೆ. ಒಟ್ಟು ಸೇರಿದರೆ ಅಶಾಂತಿಯ ಸೇನೆ. 1011ರ ಬರಹ ಇನ್ನೂ ಖಾರವಾಗಿದೆ. ನಾಡಿಗೆ ಬಂದ ಇಷ್ಟೆಲ್ಲ ದುರ್ದೆಸೆಗೆ ‘ಉನ್‌ರ‍್ಯಾಡ್’ಗಳೇ ಕಾರಣ, ಸಕಾಲದಲ್ಲಿ ಕಪ್ಪವನ್ನೂ ಕೊಡಲಿಲ್ಲ, ಸಕಾಲದಲ್ಲಿ ಯುದ್ಧವನ್ನೂ ಮಾಡಲಿಲ್ಲ ಎಂದು ಬರೆದವನು ದೂರುತ್ತಾನೆ. ‘ರ‍್ಯಾಡ್’ ಎಂದರೆ ಆಲೋಚನೆ, ಮಂತ್ರಾಲೋಚನೆ. ‘ಉನ್‌ರ‍್ಯಾಡ್’ ಎಂದರೆ ಕೆಟ್ಟ ಸಲಹೆ, ದುರ್ಮಂತ್ರ.

1014ರಲ್ಲಿ ಯಾರ್ಕಿನ ಆರ್ಚ್‌ಬಿಷಪ್ ವುಲ್ಫ್‌ಸ್ಟನ್ ಮಾಡಿದ ಉಪದೇಶ ಈ ಪದಗಳ ದೊಡ್ಡ ಭಂಡಾರ. ತನ್ನ ಹೆಸರಿನೊಳಗಿನ ತೋಳವನ್ನು ಲ್ಯಾಟಿನ್ನಿಗೆ ತಂದು ‘ಲೂಪಸ್’ ಎಂದು ಅಂಕಿತ ಇಟ್ಟುಕೊಂಡಿದ್ದ ಆತನ ಆ ಉಪದೇಶಕ್ಕೆ ‘ಸೆರ್ಮೊ ಲೂಪಿ ಆದ್ ಆಂಗ್ಲೋಸ್’ ಎಂದೇ ಹೆಸರು ನಿಂತಿದೆ: ಆಂಗ್ಲರಿಗೆ ತೋಳನ ಬೋಧೆ. ಹಿಂದಿನ ವರ್ಷವಷ್ಟೇ ಅರಸ ಸಿಂಹಾಸನ ಬಿಟ್ಟು ನಾರ್ಮಂಡಿಗೆ ಓಡಬೇಕಾಗಿ ಬಂದಿತ್ತು. ಲೋಕ ಅಂತ್ಯದತ್ತ ಧಾವಿಸುತ್ತಿದೆ ಎಂದು ಶುರುಮಾಡುವ ವುಲ್ಫ್‌ಸ್ಟನ್, ನಾಡಿನ ಕೇಡುಗಳನ್ನು ಒಂದೊಂದಾಗಿ ಎತ್ತಿಹೇಳುತ್ತಾನೆ. ಅನ್ಯಾಯಕ್ಕೆ ‘ಉನ್‌ರಿಹ್ಟ್’, ದುಷ್ಟ ಕಾನೂನುಗಳಿಗೆ ‘ಉನ್‌ಲಗ’, ಹೊರಲಾರದ ತೆರಿಗೆಗೆ ‘ಉನ್‌ಗಿಲ್ಡ್’. ಕೆಟ್ಟ ಹವೆಯಿಂದ ಬೆಳೆ ಹಾಳಾಯಿತು ಎನ್ನುವ ಮಾತಿಗೆ ಆತ ಬಳಸುವ ಜೋಡಿ ‘ಉನ್‌ವೆಡರ್’ ಮತ್ತು ‘ಉನ್‌ವ್ಯಾಸ್ಟಮ್’: ಹವೆಯಲ್ಲದ ಹವೆ ಬೆಳೆಯಲ್ಲದ ಬೆಳೆಯನ್ನು ತಂದಿತು. ಆಲಿಸುವವರ ಕಿವಿಗೆ ಒಂದೇ ಉಪಸರ್ಗ ಏಟಿನ ಮೇಲೆ ಏಟಿನಂತೆ ಬೀಳುತ್ತಿತ್ತು. ಇದು ಬರಿಯ ಶಬ್ದಾಲಂಕಾರವಲ್ಲ. ಮಳೆಗೆ ಒಂದು ನಡತೆಯಿದೆ, ತೆರಿಗೆಗೆ ಒಂದು ಅಳತೆಯಿದೆ, ಕಾನೂನಿಗೆ ಒಂದು ಧರ್ಮವಿದೆ, ಅದನ್ನು ಬಿಟ್ಟರೆ ಅದು ಆ ಹೆಸರಿಗೇ ಅರ್ಹವಲ್ಲ ಎಂಬ ನಂಬಿಕೆ ಪದದ ಕಟ್ಟೋಣದಲ್ಲೇ ಇತ್ತು. ಕೆಟ್ಟ ಕಾನೂನನ್ನು ಇಂದಿನ ಇಂಗ್ಲಿಷಿನಲ್ಲಿ ‘ಬ್ಯಾಡ್ ಲಾ’ ಎಂದರೆ ಅದು ಕಾನೂನೆಂದು ಒಪ್ಪಿಕೊಂಡಂತಾಯಿತು. ವುಲ್ಫ್‌ಸ್ಟನ್ನನ ಪದ ಅಷ್ಟನ್ನೂ ಒಪ್ಪುವುದಿಲ್ಲ. ಇಂಗ್ಲಿಷ್ ಈ ಬಗೆಯ ಪದಗಳನ್ನು ಬಿಟ್ಟಾಗ ತೀರ್ಪು ಕೊಡುವ ಒಂದು ಚುರುಕಾದ ದಾರಿಯನ್ನೇ ಕಳೆದುಕೊಂಡಿತು ಎನ್ನಬೇಕು.

ಎಥೆಲ್ರೆಡ್‌ಗೆ ಅಂಟಿದ ಅಡ್ಡಹೆಸರು ಇದೇ ಕಥೆಯ ಮುಂದಿನ ಅಧ್ಯಾಯ. ಅವನ ಹೆಸರಿನ ಅರ್ಥ ‘ಉದಾತ್ತ ಮಂತ್ರಾಲೋಚನೆ’. ಅದರ ಪಕ್ಕದಲ್ಲಿ ‘ಉನ್‌ರ‍್ಯಾಡ್’ ಇಟ್ಟರೆ ‘ಸುಮಂತ್ರನೆಂಬ ದುರ್ಮಂತ್ರ’ ಎಂಬ ಚುಚ್ಚುಮಾತು ತಯಾರು. ಅದು ಬರಹದಲ್ಲಿ ಕಾಣುವುದು ಹನ್ನೆರಡನೆಯ ಶತಮಾನದ ಕೊನೆಯ ಭಾಗದಲ್ಲಿ, ಅರಸ ಸತ್ತು ನೂರೈವತ್ತು ವರ್ಷ ಕಳೆದ ಮೇಲೆ. ಮುಂದೆ ‘ರ‍್ಯಾಡ್’ ಎಂಬ ನಾಮಪದವೇ ಬಳಕೆ ತಪ್ಪಿದಾಗ ಚುಚ್ಚುಮಾತಿನ ಮೊನೆಯೂ ಮುರಿಯಿತು. ಜನ ಅದನ್ನು ಪರಿಚಿತವಾದ ‘ಅನ್‌ರೆಡಿ’ ಎಂದು ತಿದ್ದಿಕೊಂಡರು. ಹಾಗಾಗಿ ಶಾಲೆಯ ಪಾಠಗಳಲ್ಲಿ ಎಥೆಲ್ರೆಡ್ ಇಂದಿಗೂ ‘ಸಿದ್ಧನಿಲ್ಲದ’ ಅರಸ. ಎರಡು ಪದಗಳಿಗೂ ಅರ್ಥದ ನಂಟಿಲ್ಲ. ಅವನ ಮೇಲಿದ್ದ ಆರೋಪ ತಯಾರಿಯ ಕೊರತೆಯದಲ್ಲ, ವಿವೇಕದ ಕೊರತೆಯದು.

‘ಉನ್’ ಬರಿಯ ಬೈಗುಳಕ್ಕೆ ಮಾತ್ರ ಇರಲಿಲ್ಲ. ಕವಿಗಳು ಅದನ್ನು ಮಾತನ್ನು ತಗ್ಗಿಸಿ ಅರ್ಥವನ್ನು ಏರಿಸಲು ಬಳಸಿದರು. ‘ಬೇವುಲ್ಫ್’ ಕಾವ್ಯದಲ್ಲಿ ಸತ್ತವನು ‘ಉನ್‌ಲಿಫಿಯೆಂಡೆ’, ಬದುಕಿಲ್ಲದವನು; ದೊಡ್ಡ ಪರಿವಾರ ‘ಉನ್‌ಲ್ಯುಟೆಲ್’, ಸಣ್ಣದಲ್ಲದ್ದು. ಮಾಲ್ಡನ್ ಕಾಳಗದ ಹಾಡಿನಲ್ಲಿ ಒಡೆಯನ ಪರ ಹೋರಾಡಿದವರು ‘ಉನ್‌ಫೋರ್ಹ್ಟ್’, ಅಂಜದವರು, ‘ಉನ್‌ಎಅರ್ಗ್’, ಹೇಡಿಗಳಲ್ಲದವರು. ಸೋಲಿನ ಹಾಡಿನಲ್ಲಿ ಧೈರ್ಯವನ್ನು ಅಬ್ಬರದಿಂದ ಹೊಗಳದೆ, ಹೇಡಿತನ ಇರಲಿಲ್ಲ ಎಂದಷ್ಟೇ ಹೇಳುವ ಆ ಬಿಗಿ ಇಂದಿಗೂ ಮನಸ್ಸು ತಟ್ಟುತ್ತದೆ. ಹಳೆಯ ಇಂಗ್ಲಿಷಿಗೆ ‘ಕೆಟ್ಟ’ ಎಂಬರ್ಥದ ‘ಉನ್‌ಗೋಡ್’ ಎಂಬ ವಿಶೇಷಣವೂ ಇತ್ತು. 1949ರಲ್ಲಿ ಜಾರ್ಜ್ ಆರ್ವೆಲ್ ತನ್ನ ಕಾದಂಬರಿಯಲ್ಲಿ ಸರ್ವಾಧಿಕಾರಿ ಪಕ್ಷವೊಂದು ಕಟ್ಟಿದ ಕೃತಕ ಭಾಷೆಗೆ ‘ಅನ್‌ಗುಡ್’ ಎಂಬ ಪದ ಕೊಟ್ಟಾಗ, ಯೋಚನೆಯನ್ನೇ ಕುಗ್ಗಿಸುವ ಯಂತ್ರದ ಮಾತಿನಂತೆ ಅದು ಕೇಳಿಸಿತು. ರೂಪ ಮಾತ್ರ ಸಾವಿರ ವರ್ಷ ಹಳೆಯದು.

ಉಪಸರ್ಗಗಳ ಪೈಕಿ ‘ಉನ್’ ಒಂದೇ ಇರಲಿಲ್ಲ. ‘ಓರ್’ ಎಂಬುದು ‘ಹೊರಗೆ, ಇಲ್ಲದೆ’ ಎಂಬರ್ಥ ಕೊಡುತ್ತಿತ್ತು: ‘ಓರ್‌ಸೋರ್ಗ್’ ಎಂದರೆ ಚಿಂತೆಯಿಲ್ಲದವನು, ‘ಓರ್‌ಮೋಡ್’ ಎಂದರೆ ಎದೆಗುಂದಿದವನು, ‘ಓರ್‌ವೇನ’ ಎಂದರೆ ಆಸೆ ಕಳೆದುಕೊಂಡವನು. ಈ ಉಪಸರ್ಗ ಬೇಗನೆ ಸತ್ತಿತು, ನಿಷೇಧದ ಅರ್ಥದಲ್ಲಿ ಹಿಂದೆ ಏನನ್ನೂ ಉಳಿಸಲಿಲ್ಲ. ‘ವಾನ್’ ಹೆಚ್ಚು ಕಾಲ ಬಾಳಿತು. ಅದರ ಅರ್ಥ ಕೊರತೆ; ಚಂದ್ರ ಕ್ಷೀಣಿಸುವುದಕ್ಕೆ ಇಂಗ್ಲಿಷರು ಹೇಳುವ ‘ವೇನ್’ ಅದರ ಒಡಹುಟ್ಟು, ಸಂಸ್ಕೃತದ ‘ಊನ’ ಅದರ ದೂರದ ನೆಂಟ. ‘ಅಂಗಊನ’ ಎನ್ನುವಾಗ ಕನ್ನಡದ ಬಾಯಲ್ಲಿ ಬರುವುದು ಆ ಬೇರಿನ ಪದವೇ. ಹಳೆಯ ಇಂಗ್ಲಿಷಿನಲ್ಲಿ ಅನಾರೋಗ್ಯ ‘ವಾನ್‌ಹ್ಯಾಲ್ಥ್’, ಬಡತನ ‘ವಾನ್‌ಸ್ಪೇಡ್’. ಮಧ್ಯಕಾಲದಲ್ಲಿ ಎಲ್ಲಕ್ಕಿಂತ ತೂಕದ್ದಾಗಿದ್ದ ಪದ ‘ವಾನ್‌ಹೋಪ್’, ಅಂದರೆ ಹತಾಶೆ. ಅಂದಿನ ಕ್ರೈಸ್ತ ಬೋಧನೆಯಲ್ಲಿ ಅದು ಬರಿಯ ಮನಸ್ಸಿನ ಸ್ಥಿತಿಯಲ್ಲ, ಪಾಪ. ದೇವರ ಕ್ಷಮೆ ತನಗೆ ಸಿಗದೆಂದು ನಂಬುವವನು ಆ ಕ್ಷಮೆಯ ಬಾಗಿಲನ್ನು ತಾನೇ ಮುಚ್ಚಿಕೊಳ್ಳುತ್ತಾನೆ. ಲ್ಯಾಂಗ್ಲೆಂಡನ ‘ಪಿಯರ್ಸ್ ಪ್ಲೌಮನ್’ ಕಾವ್ಯದಲ್ಲೂ ಚಾಸರನ ‘ಕ್ಯಾಂಟರ್ಬರಿ ಟೇಲ್ಸ್’ನಲ್ಲೂ ಅದು ಬರುತ್ತದೆ, ಚಾಸರ್ ಅಪನಂಬಿಕೆಗೆ ‘ವಾನ್‌ಟ್ರಸ್ಟ್’ ಎಂದೂ ಬರೆದ. ಫ್ರೆಂಚಿನಿಂದ ಬಂದ ‘ಡಿಸ್ಪೇರ್’ ಕೊನೆಗೆ ‘ವಾನ್‌ಹೋಪ್’ ಅನ್ನು ಹೊರದೂಡಿತು. ಡಚ್ಚರಲ್ಲಿ ‘ವಾನ್‌ಹೋಪ್’ ಇಂದಿಗೂ ನಿತ್ಯದ ಪದ. ಸ್ಕಾಟ್‌ಲೆಂಡಿನಲ್ಲಿ ಈ ಉಪಸರ್ಗ ಹದಿನೆಂಟನೆಯ ಶತಮಾನದಲ್ಲೂ ಜೀವಂತವಾಗಿತ್ತು. ತನ್ನ ಸಾಕುಕುರಿ ಮೇಲಿಯ ಬಗ್ಗೆ ಬರೆದ ಕವಿತೆಗಳಲ್ಲಿ ರಾಬರ್ಟ್ ಬರ್ನ್ಸ್ ಅದನ್ನು ಬಳಸಿದ್ದಾನೆ. ಇಂದಿನ ಇಂಗ್ಲಿಷಿನಲ್ಲಿ ಉಳಿದಿರುವ ಒಂದೇ ಕುರುಹು ‘ವಾಂಟನ್’. ಮೂಲದಲ್ಲಿ ಅದು ‘ವಾನ್’ ಮತ್ತು ‘ತೊಗೆನ್’ ಸೇರಿದ ಪದ: ತಿದ್ದಿ ಬೆಳೆಸದ, ಹದ್ದಿನಲ್ಲಿಡದ ಮಗು. ಸ್ವೇಚ್ಛೆ, ಕಾಮುಕತೆಯ ಅರ್ಥಗಳು ಆಮೇಲೆ ಬಂದವು.

ಕ್ರಿಯಾಪದಗಳ ಕಥೆ ಬೇರೆ. ಹಳೆಯ ಇಂಗ್ಲಿಷಿನ ನಿಷೇಧದ ಮೂಲ ಅವ್ಯಯ ‘ನೆ’. ಅದು ಕ್ರಿಯಾಪದದ ಮೊದಲಲ್ಲಿ ನಿಲ್ಲುತ್ತಿತ್ತು, ಪದೇ ಪದೇ ಬಳಸುವ ಕ್ರಿಯೆಗಳಲ್ಲಿ ಅದರೊಳಗೇ ಕರಗುತ್ತಿತ್ತು. ‘ನೆ ಇಸ್’ ಸೇರಿ ‘ನಿಸ್’ (ಅಲ್ಲ), ‘ನೆ ವಾಟ್’ ಸೇರಿ ‘ನಾಟ್’ (ಅರಿಯೆ), ‘ನೆ ವಿಲ್ಲೆ’ ಸೇರಿ ‘ನಿಲ್ಲೆ’ (ಒಲ್ಲೆ), ‘ನೆ ಹಬ್ಬನ್’ ಸೇರಿ ‘ನಬ್ಬನ್’ (ಇಲ್ಲದಿರು). ಕನ್ನಡದ ಅರಿಯೆ, ಒಲ್ಲೆ, ಕಾಣೆಗಳಂತೆ ನಿಷೇಧ ಕ್ರಿಯೆಯ ಮೈಯಲ್ಲೇ ಇರುವ ಈ ರೂಪಗಳು ಬಹಳ ಚುಟುಕಾದವು, ಖಚಿತವಾದವು. ಕನ್ನಡ ತನ್ನವನ್ನು ಉಳಿಸಿಕೊಂಡಿತು. ಇಂಗ್ಲಿಷ್ ಉಳಿಸಿಕೊಳ್ಳಲಿಲ್ಲ.

ಕಾರಣ ಧ್ವನಿಯ ಸವೆತ. ಒತ್ತಿಲ್ಲದ ‘ನೆ’ ಕೇಳಿಸದಷ್ಟು ಮೆತ್ತಗಾದಾಗ, ನಿಷೇಧ ಗಟ್ಟಿಯಾಗಲೆಂದು ಕ್ರಿಯಾಪದದ ನಂತರ ‘ನೋಹ್ಟ್’ ಎಂದು ಸೇರಿಸುವ ರೂಢಿ ಬೆಳೆಯಿತು. ಅದೂ ‘ನೆ’ಯಿಂದಲೇ ಹುಟ್ಟಿದ ಕೂಡುಪದ: ‘ಎಂದೂ ಯಾವ ವಸ್ತುವೂ ಇಲ್ಲ’ ಎಂಬ ಮೂರು ತುಂಡುಗಳು ಸೇರಿ ಆದದ್ದು. ಕೆಲವು ಶತಮಾನ ಎರಡೂ ಜೊತೆಯಾಗಿ ನಡೆದವು. ಹದಿನೈದನೆಯ ಶತಮಾನದ ಹೊತ್ತಿಗೆ ‘ನೆ’ ಉದುರಿ, ಸವೆದ ‘ನೋಹ್ಟ್’ ಇಂದಿನ ‘ನಾಟ್’ ಆಗಿ ಇಡೀ ಹೊಣೆ ಹೊತ್ತಿತು. ಡೆನ್ಮಾರ್ಕಿನ ಭಾಷಾವಿಜ್ಞಾನಿ ಒಟ್ಟೊ ಯೆಸ್ಪರ್ಸನ್ 1917ರಲ್ಲಿ ಈ ಚಕ್ರವನ್ನು ಫ್ರೆಂಚ್ ಮುಂತಾದ ಭಾಷೆಗಳ ಉದಾಹರಣೆಯೊಂದಿಗೆ ವಿವರಿಸಿದ. ಅದಕ್ಕೆ ಇಂದು ಅವನದೇ ಹೆಸರು. ಚಾಸರನ ಕಾಲದಲ್ಲಿ, ಅಂದರೆ ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ, ‘ನೂಟ್’, ‘ನಾಸ್’, ‘ನೋಲ್ಡೆ’ಗಳು ಇನ್ನೂ ಸಹಜ ಮಾತು. ಎರಡು ಶತಮಾನದ ಮೇಲೆ ಎಡ್ಮಂಡ್ ಸ್ಪೆನ್ಸರ್ ತನ್ನ ‘ಫೇರಿ ಕ್ವೀನ್’ನಲ್ಲಿ ಅವನ್ನು ಬಳಸಿದಾಗ ಅವು ಉದ್ದೇಶಪೂರ್ವಕವಾಗಿ ತಂದ ಹಳಮೆಯ ಬಣ್ಣ. ‘ನಿಲ್’ ಮಾತ್ರ ಶೇಕ್ಸ್‌ಪಿಯರನ ನಾಟಕಗಳ ಆಡುನುಡಿಯಲ್ಲಿ ಜೋಡಿಪದವಾಗಿ ಉಳಿದು, ‘ಒಲಿದರೂ ಸೈ, ಒಲ್ಲದಿದ್ದರೂ ಸೈ’ ಎಂಬರ್ಥದ ‘ವಿಲಿ-ನಿಲಿ’ಯಲ್ಲಿ ಇಂದಿಗೂ ಅಡಗಿದೆ. ‘ನನ್’, ‘ನೆವರ್’, ‘ನೈದರ್’ಗಳ ಆರಂಭದ ನಕಾರವೂ ಅದೇ ‘ನೆ’.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನ, ನ್ಯಾಯಾಲಯಗಳಿಗೆ ಫ್ರೆಂಚ್ ಬಂತು. ವಿದ್ಯೆ ಮತ್ತು ಇಗರ್ಜಿಯ ಭಾಷೆ ಲ್ಯಾಟಿನ್ನೇ ಆಗಿತ್ತು. ಅವುಗಳೊಂದಿಗೆ ‘ಇನ್’, ‘ಡಿಸ್’, ‘ನಾನ್’ ಉಪಸರ್ಗಗಳು ಬಂದವು. ಬಂದದ್ದು ಬಿಡಿ ಉಪಸರ್ಗಗಳಾಗಿ ಅಲ್ಲ, ಸಿದ್ಧಪದಗಳಾಗಿ. ‘ಉನ್‌ರಿಹ್ಟ್’ ಇದ್ದ ಜಾಗಕ್ಕೆ ‘ಇನ್‌ಜಸ್ಟಿಸ್’, ‘ಉನ್‌ಫ್ರಿಥ್’ ಇದ್ದ ಜಾಗಕ್ಕೆ ‘ಹಾಸ್ಟಿಲಿಟಿ’. ವಿದ್ಯಾವಂತನ ಬರಹದಲ್ಲಿ ಫ್ರೆಂಚ್ ಪದಕ್ಕೆ ಗೌರವ, ಹಳ್ಳಿಯ ಬಾಯಲ್ಲಿ ಹಳೆಯ ಪದ. ಇಂಥ ಪೈಪೋಟಿಯಲ್ಲಿ ನಾಮಪದಗಳೇ ಹೆಚ್ಚು ಬಿದ್ದವು. ‘ಉನ್’ ನಾಮಪದಗಳ ದೊಡ್ಡ ಬಳಗದಲ್ಲಿ ಇಂದಿಗೂ ಸಲೀಸಾಗಿ ಓಡುವವು ‘ಅನ್‌ರೆಸ್ಟ್’, ‘ಅನ್‌ಟ್ರೂತ್’, ‘ಅನ್‌ಬಿಲೀಫ್’ನಂಥ ಕೆಲವೇ. ಒಡಹುಟ್ಟಿದ ಭಾಷೆಗಳಲ್ಲಿ ಹೀಗಾಗಲಿಲ್ಲ ಎಂಬುದನ್ನು ಗಮನಿಸಬೇಕು. ಜರ್ಮನರಿಗೆ ಬಿರುಗಾಳಿ ಇಂದಿಗೂ ‘ಉನ್‌ವೆಟರ್’, ಘೋರ ಕೃತ್ಯ ‘ಉನ್‌ಟಾಟ್’, ಹೊಲದ ಕಳೆ ‘ಉನ್‌ಕ್ರೌಟ್’, ಎಂದರೆ ಸಸ್ಯವಲ್ಲದ ಸಸ್ಯ. ಡಚ್ಚರಿಗೆ ಗುಡುಗುಮಳೆ ‘ಒನ್‌ವೇರ್’. ಐಸ್‌ಲೆಂಡಿನಲ್ಲಿ ಯುದ್ಧಕ್ಕೆ ‘ಓಫ್ರಿದುರ್’ ಎನ್ನುತ್ತಾರೆ, ಅದು ‘ಉನ್‌ಫ್ರಿಥ್’ನ ಸಾಕ್ಷಾತ್ ಸೋದರ. ಪದ ಸಾಯಬೇಕಾದ ಒಳಗಿನ ಕಾರಣ ಯಾವುದೂ ಇರಲಿಲ್ಲ. ಇಂಗ್ಲಿಷಿನಲ್ಲಿ ಅವು ಸತ್ತದ್ದು ಅಧಿಕಾರ ಮತ್ತು ಅಂತಸ್ತಿನ ಭಾರಕ್ಕೆ.

ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಜಾನ್ ವಿಕ್ಲಿಫನ ಬಳಗ ಲ್ಯಾಟಿನ್ ಬೈಬಲನ್ನು ಇಂಗ್ಲಿಷಿಗೆ ತಂದಾಗ ‘ಇಮ್ಮಾರ್ಟಲ್’ ಎಂಬರ್ಥಕ್ಕೆ ಅವರಿಗೆ ಕೈಗೆ ಸಿಕ್ಕಿದ್ದು ‘ಅನ್‌ಡೆಡ್ಲಿ’, ಅಮರತ್ವಕ್ಕೆ ‘ಅನ್‌ಡೆಡ್ಲಿನೆಸ್’. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ, ಸಾಯುವ ದೇಹ ಅಮರತ್ವವನ್ನು ತೊಟ್ಟುಕೊಳ್ಳಬೇಕು ಎನ್ನುವ ಪ್ರಸಿದ್ಧ ಮಾತಿನಲ್ಲಿ ಬರುವುದು ಇದೇ. ಪದ ಅವರು ಹೊಸದಾಗಿ ಕಟ್ಟಿದ್ದಲ್ಲ. ಹಳೆಯ ಇಂಗ್ಲಿಷಿನ ‘ಉನ್‌ಡೆಆದ್‌ಲಿಚ್’ನ ಮುಂದುವರಿಕೆ. ಅದು ಬಳಕೆ ತಪ್ಪಿದ ಮೇಲೆ, 1897ರಲ್ಲಿ ಅಚ್ಚಾದ ‘ಡ್ರಾಕುಲಾ’ ಕಾದಂಬರಿಗೆ ಬ್ರಾಮ್ ಸ್ಟೋಕರ್ ಮೊದಲು ಯೋಚಿಸಿದ್ದ ಹೆಸರು ‘ದಿ ಅನ್‌-ಡೆಡ್’. ಒಂದು ಕಾಲದಲ್ಲಿ ಸ್ವರ್ಗದ ಬದುಕನ್ನು ಹೇಳುತ್ತಿದ್ದ ರಚನೆ ಹೀಗೆ ರಕ್ತಪಿಪಾಸು ಹೆಣಗಳಿಗೆ ಮೀಸಲಾಯಿತು.

‘ಅನ್’ ಮತ್ತು ‘ಇನ್’ಗಳ ತೂಗಾಟ ಶತಮಾನಗಳ ಕಾಲ ಇತ್ಯರ್ಥವಾಗಲಿಲ್ಲ. 1611ರ ಕಿಂಗ್ ಜೇಮ್ಸ್ ಬೈಬಲಿನ ಮೊದಲ ಮುದ್ರಣದಲ್ಲಿ, ದೇವರಿಗೆ ಅಸಾಧ್ಯವಾದುದು ಯಾವುದೂ ಇಲ್ಲ ಎಂದು ದೇವದೂತ ಮರಿಯಳಿಗೆ ಹೇಳುವಲ್ಲಿ ಇದ್ದದ್ದು ‘ಅನ್‌ಪಾಸಿಬಲ್’. ನಂತರದ ಮುದ್ರಣಗಳಲ್ಲಿ ಅದು ‘ಇಂಪಾಸಿಬಲ್’ ಆಯಿತು. 139ನೆಯ ಕೀರ್ತನೆಯ ‘ಅನ್‌ಪರ್ಫೆಕ್ಟ್’ ತಿದ್ದುವವರ ಕೈಗೆ ಸಿಗದೆ ಇಂದಿಗೂ ಹಾಗೇ ಅಚ್ಚಾಗುತ್ತದೆ. ಶೇಕ್ಸ್‌ಪಿಯರ್ ‘ಇನ್‌ಸರ್ಟನ್’ ಎಂದೂ ‘ಅನ್‌ಸರ್ಟನ್’ ಎಂದೂ ಬರೆದ. ‘ಇನ್‌ಗ್ರೇಟ್‌ಫುಲ್’ ಅವನಿಗೆ ಸಹಜ. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡಿನಲ್ಲಿ ಥಾಮಸ್ ಜೆಫರ್ಸನ್ ‘ಇನ್‌ಏಲಿಯನಬಲ್’ ಎಂದು ಬರೆದರೆ, ಅಂಗೀಕೃತ ಪಾಠದಲ್ಲಿ ಅದು ‘ಅನ್‌ಏಲಿಯನಬಲ್’. ಇಂದು ಗೆದ್ದಿರುವುದು ಜೆಫರ್ಸನ್ನನ ರೂಪ. ಹಂಚಿಕೆ ಕೊನೆಗೆ ಎಷ್ಟು ಅಡ್ಡಾದಿಡ್ಡಿಯಾಯಿತೆಂದರೆ, ವಿಶೇಷಣ ‘ಅನ್‌ಏಬಲ್’ ಆದರೆ ನಾಮಪದ ‘ಇನ್‌ಎಬಿಲಿಟಿ’. ‘ಅನ್‌ಜಸ್ಟ್’, ಆದರೆ ‘ಇನ್‌ಜಸ್ಟಿಸ್’. ‘ಅನ್‌ಈಕ್ವಲ್’, ಆದರೆ ‘ಇನ್‌ಈಕ್ವಾಲಿಟಿ’. ನಾಮಪದಗಳು ಫ್ರೆಂಚ್, ಲ್ಯಾಟಿನ್ನಿನಿಂದ ಇಡಿಯಾಗಿ ಬಂದವು, ವಿಶೇಷಣಗಳನ್ನು ಇಂಗ್ಲಿಷ್ ತನ್ನ ಉಪಸರ್ಗ ಹಚ್ಚಿ ತಾನೇ ಮಾಡಿಕೊಂಡಿತು ಎಂಬುದು ಇದರ ಹಿಂದಿನ ಕಾರಣ. ಇಂಗ್ಲಿಷ್ ಕಲಿಯುವ ಕನ್ನಡದ ಮಕ್ಕಳು ಈ ಜೋಡಿಗಳಲ್ಲಿ ಎಡವುವುದು ಆ ಇತಿಹಾಸದ ಫಲ.

‘ನಾನ್’ ಬಂದದ್ದು ಕಾನೂನಿನ ಬಾಗಿಲಿನಿಂದ. ಲ್ಯಾಟಿನ್ನಿನ ‘ನೋನ್’ ಮೂಲದಲ್ಲಿ ‘ಒಂದೂ ಇಲ್ಲ’ ಎಂಬ ಕೂಡುಪದ. ಇಂಗ್ಲಿಷಿನ ‘ನನ್’ ಕೂಡ ಅದೇ ಎರಡು ತುಂಡುಗಳಿಂದ ಆದದ್ದು. ಹದಿನೇಳನೆಯ ಶತಮಾನದ ಧಾರ್ಮಿಕ ಜಗಳಗಳು ಇದನ್ನು ಬೀದಿಗೆ ತಂದವು. 1689ರಲ್ಲಿ ಹೊಸ ಅರಸ ವಿಲಿಯಂ ಮತ್ತು ಅರಸಿ ಮೇರಿಗೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದ ಪಾದ್ರಿಗಳು ‘ನಾನ್‌ಜೂರರ್’ಗಳೆನಿಸಿದರು; ಹುದ್ದೆ ಕಳೆದುಕೊಂಡವರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸ್ಯಾನ್‌ಕ್ರಾಫ್ಟನೂ ಇದ್ದ. ಆ ಪಂಗಡದೊಂದಿಗೆ ಪದವೂ ಚರಿತ್ರೆಯ ಪುಸ್ತಕ ಸೇರಿತು. ಇದೇ ಉಪಸರ್ಗವನ್ನು ಇಪ್ಪತ್ತನೆಯ ಶತಮಾನದಲ್ಲಿ ಗಾಂಧೀಜಿ ಹೊಸ ಬಲದೊಂದಿಗೆ ಬಳಸಿದರು. 1920ರ ‘ನಾನ್-ಕೋಆಪರೇಷನ್’ ಕನ್ನಡಕ್ಕೆ ‘ಅಸಹಕಾರ’ವಾಗಿ ಬಂತು, ‘ಅಹಿಂಸೆ’ ಇಂಗ್ಲಿಷಿಗೆ ‘ನಾನ್-ವಯಲೆನ್ಸ್’ ಆಗಿ ಹೋಯಿತು.

ಬಳಕೆ ತಪ್ಪಿದ ನಿಷೇಧಪದಗಳ ಹಿಂದೆ ಒಂದು ಆಚರಣೆಯೇ ಅಳಿದಿರುವ ಪ್ರಸಂಗವೂ ಉಂಟು. ‘ಹ್ಯಾಮ್ಲೆಟ್’ ನಾಟಕದ ಮೊದಲ ಅಂಕದಲ್ಲಿ, ಕೊಲೆಯಾದ ಅರಸನ ಪ್ರೇತ ತಾನು ಸತ್ತ ಬಗೆಯನ್ನು ಮಗನಿಗೆ ಹೇಳುವಾಗ ಒಂದೇ ಸಾಲಿನಲ್ಲಿ ಮೂರು ನಿಷೇಧಪದಗಳನ್ನು ಪೇರಿಸುತ್ತದೆ. ‘ಅನ್‌ಹೌಜಲ್ಡ್’ ಎಂದರೆ ಪವಿತ್ರ ಪ್ರಸಾದ ಸಿಗದವನು. ‘ಹೂಸೆಲ್’ ಹಳೆಯ ಇಂಗ್ಲಿಷಿನಲ್ಲಿ ಆ ಪ್ರಸಾದದ ಹೆಸರು. ‘ಅನ್‌ಅನೀಲ್ಡ್’ ಎಂದರೆ ಅಂತಿಮ ತೈಲಾಭ್ಯಂಗ ಆಗದವನು. ಅದರೊಳಗೆ ಎಣ್ಣೆ ಎಂಬರ್ಥದ ‘ಎಲೆ’ ಇದೆ. ನಡುವಿನ ‘ಡಿಸ್‌ಅಪಾಯಿಂಟೆಡ್’ ಇಲ್ಲಿ ನಿರಾಶನಲ್ಲ, ಪರಲೋಕದ ಪಯಣಕ್ಕೆ ಅಣಿಯಾಗದವನು. ಮಧ್ಯಾಹ್ನ ತೋಟದಲ್ಲಿ ಮಲಗಿದ್ದವನ ಕಿವಿಗೆ ವಿಷ ಹೊಯ್ದ ತಮ್ಮ ಅವನ ಜೀವದೊಂದಿಗೆ ಸದ್ಗತಿಯನ್ನೂ ಕಸಿದ ಎಂಬ ಸಂಕಟ ಆ ಮೂರು ಪದಗಳಲ್ಲಿದೆ. ಇಂಗ್ಲೆಂಡಿನ ಪ್ರಾಟೆಸ್ಟಂಟ್ ಇಗರ್ಜಿ 1552ರ ಪ್ರಾರ್ಥನಾ ಪುಸ್ತಕದಲ್ಲಿ ರೋಗಿಯ ತೈಲಾಭ್ಯಂಗವನ್ನು ಕೈಬಿಟ್ಟಿತ್ತು. ನಾಟಕ ಮೊದಲು ರಂಗಕ್ಕೆ ಬಂದಾಗ, ಸುಮಾರು 1600ರಲ್ಲಿ, ನೋಡುಗರಿಗೆ ಅವು ಅ‌ಜ್ಜ-ಮುತ್ತಜ್ಜರ ಕಾಲದ ಪದಗಳಾಗಿ ಕೇಳಿಸಿರಬೇಕು. ವಿಧಿ ನಿಂತ ಮೇಲೆ ವಿಧಿಯ ಲೋಪವನ್ನು ಹೇಳುವ ಪದಕ್ಕೆ ಕೆಲಸವಿಲ್ಲ. ಇಂದು ಅವು ಟಿಪ್ಪಣಿಯಿಲ್ಲದೆ ತಿಳಿಯವು.

ಇನ್ನೊಂದು ‘ಅನ್’ ಕೂಡ ಇದೆ. ‘ಅನ್‌ಡೂ’, ‘ಅನ್‌ಲಾಕ್’ಗಳಲ್ಲಿರುವುದು ನಿಷೇಧವಲ್ಲ, ಮಾಡಿದ್ದನ್ನು ಹಿಂದಕ್ಕೆ ತಿರುಗಿಸುವ ಕ್ರಿಯೆ, ಅದರ ಮೂಲ ಬೇರೆ, ಗ್ರೀಕಿನ ‘ಆಂಟಿ’ ಅದರ ನೆಂಟ. ಶೇಕ್ಸ್‌ಪಿಯರ್ ಇದರಿಂದ ಧೈರ್ಯವಾಗಿ ಹೊಸ ಕ್ರಿಯೆಗಳನ್ನು ಬಳಸಿದ: ಕೂಗಿದ್ದನ್ನು ಹಿಂಪಡೆ ಎನ್ನಲು ‘ಅನ್‌ಶೌಟ್’, ಕಿವುಡು ಬಿಡಿಸು ಎನ್ನಲು ‘ಅನ್‌ಡೆಫ್’, ಆಡಿದ ಮಾತನ್ನು ಅಳಿಸು ಎನ್ನಲು ‘ಅನ್‌ಸ್ಪೀಕ್’. ಮೊದಲ ಎರಡು ಅವನ ನಾಟಕಗಳಾಚೆ ಬೇರೂರಲಿಲ್ಲ.

ಪರಭಾಷೆಯ ಹೊರೆಯನ್ನು ಇಳಿಸಲು ಯತ್ನಿಸಿದವರೂ ಇದ್ದರು. 1573ರಲ್ಲಿ ರಾಲ್ಫ್ ಲೀವರ್ ತರ್ಕಶಾಸ್ತ್ರದ ಪುಸ್ತಕ ಬರೆದು ಅದಕ್ಕೆ ‘ವಿಟ್‌ಕ್ರಾಫ್ಟ್’ ಎಂದು ಹೆಸರಿಟ್ಟ. ‘ನೆಗೇಷನ್’ಗೆ ‘ನೇಸೇ’, ‘ಅಫರ್ಮೇಷನ್’ಗೆ ‘ಯೇಸೇ’ ಎಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಡಾರ್ಸೆಟ್‌ನ ಕವಿ ವಿಲಿಯಂ ಬಾರ್ನ್ಸ್ ವ್ಯಾಕರಣವನ್ನೇ ‘ಸ್ಪೀಚ್‌ಕ್ರಾಫ್ಟ್’ ಎಂದು ಕರೆದು ಸ್ವಂತ ಬೇರಿನ ಪದಗಳಿಗಾಗಿ ದುಡಿದ. ಆಂಡಯ್ಯನ ‘ಕಬ್ಬಿಗರ ಕಾವ’ ಬಲ್ಲ ಕನ್ನಡಿಗರಿಗೆ ಆ ಹಂಬಲ ತಿಳಿಯದ್ದಲ್ಲ. ಬಾರ್ನ್ಸ್‌ನ ಮಾತನ್ನು ಅವನ ಕಾಲ ಕೇಳಲಿಲ್ಲ.

ಮೂಲಪದ ಸತ್ತು ನಿಷೇಧಪದವೊಂದೇ ಬದುಕಿರುವ ಬಳಗವೂ ಇದೆ. ‘ಅಜ್ಞಾತ’ದ ನೆಂಟನಾದ ‘ಅನ್‌ಕೂತ್’ ಗುರುತಿಲ್ಲದವನು, ಪರಸ್ಥಳದವನು, ವಿಚಿತ್ರವಾದವನು ಎಂಬ ಮೆಟ್ಟಿಲುಗಳನ್ನಿಳಿದು ಕೊನೆಗೆ ಒರಟ, ಅಸಂಸ್ಕೃತ ಎಂಬಲ್ಲಿಗೆ ಬಂದು ನಿಂತಿತು. ಗುರುತಿಲ್ಲದವರ ಬಗ್ಗೆ ಸಮಾಜಕ್ಕಿರುವ ಅಳುಕು ಪದದ ಅರ್ಥವನ್ನೇ ಕೆಡಿಸಿದ್ದಕ್ಕೆ ಇದಕ್ಕಿಂತ ನಿಚ್ಚಳ ನಿದರ್ಶನ ಸಿಗಲಾರದು. ‘ಅನ್‌ಕೆಂಪ್ಟ್’ ಎಂದರೆ ಬಾಚದ ತಲೆ. ‘ಕೆಂಬ್’ ಎಂಬ ಬಾಚುವ ಕ್ರಿಯಾಪದ ಈಗಿಲ್ಲ. ‘ಅನ್‌ರೂಲಿ’, ‘ಅನ್‌ಗೇನ್ಲಿ’ಗಳ ಜೋಡಿಗಳೂ ಮರೆಯಾಗಿವೆ.

ಕೋಶಕಾರರಿಗೆ ಈ ಉಪಸರ್ಗ ಯಾವಾಗಲೂ ತಲೆನೋವು. 1755ರ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್, ‘ಅನ್’ ಅನ್ನು ಬೇಕೆಂದ ವಿಶೇಷಣದ ಮೊದಲಲ್ಲಿ ಇಡಬಹುದಾದ್ದರಿಂದ ಎಲ್ಲವನ್ನೂ ಸೇರಿಸಲಾಗದು, ಕೂಡಿಸಿದ್ದೇ ಬಹುಶಃ ಸಾಕಷ್ಟಕ್ಕಿಂತ ಹೆಚ್ಚು ಎಂದು ವಿವರಿಸಿದ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೊದಲ ಆವೃತ್ತಿಯಲ್ಲಿ ಯು ಅಕ್ಷರ ವಿಲಿಯಂ ಕ್ರೇಗಿಯ ಪಾಲಿಗೆ ಬಂತು. 1921ರಿಂದ 1926ರವರೆಗೆ ಅದು ಕಂತುಕಂತಾಗಿ ಅಚ್ಚಾಯಿತು, ಬಹುಪಾಲು ಪುಟಗಳು ‘ಅನ್’ ಪದಗಳವೇ. ಬಳಕೆ ತಪ್ಪಿದ ಸಾವಿರಾರು ಪದಗಳಿಗೆ ಮೊದಲ ಬಾರಿ ಕಾಲ, ಕರ್ತೃ, ಸಂದರ್ಭಗಳ ಸಮೇತ ದಾಖಲೆ ಸಿಕ್ಕಿದ್ದು ಅಲ್ಲಿ. ಅವುಗಳಲ್ಲೊಂದು ‘ಅನ್‌ಫ್ರೆಂಡ್’. ಹದಿಮೂರನೆಯ ಶತಮಾನದಲ್ಲಿ ಲಾಯಮನ್ ಬರೆದ ‘ಬ್ರೂಟ್’ ಕಾವ್ಯದಲ್ಲಿ ಅದು ಶತ್ರು ಎಂಬರ್ಥದ ನಾಮಪದ. 1659ರಲ್ಲಿ ಇತಿಹಾಸಕಾರ ಥಾಮಸ್ ಫುಲ್ಲರ್, ಪ್ರತಿಪಕ್ಷದ ಲೇಖಕ ಪೀಟರ್ ಹೇಲಿನ್‌ಗೆ ಬರೆಯುತ್ತಾ, ಅಭಿಪ್ರಾಯಭೇದದಿಂದ ಸ್ನೇಹ ಕೆಡದಿರಲಿ ಎನ್ನಲು ಅದನ್ನು ಕ್ರಿಯಾಪದವಾಗಿ ಬಳಸಿದ. ಸಾಮಾಜಿಕ ಜಾಲತಾಣಗಳ ದೆಸೆಯಿಂದ ಮರಳಿ ಬಂದ ಆ ಕ್ರಿಯಾಪದವನ್ನು ನ್ಯೂ ಆಕ್ಸ್‌ಫರ್ಡ್ ಅಮೆರಿಕನ್ ನಿಘಂಟು 2009ರ ವರ್ಷದ ಪದವಾಗಿ ಆರಿಸಿತು.

ನಿಘಂಟಿನಾಚೆ ಈ ಪದಗಳು ಉಳಿದಿರುವುದು ಮೂಲೆಗಳಲ್ಲಿ. ವುಲ್ಫ್‌ಸ್ಟನ್ ಗುಡುಗಿದ ‘ಉನ್‌ಲಗು’ ಸ್ಕಾಟ್‌ಲೆಂಡಿನ ಹಳೆಯ ನ್ಯಾಯಾಲಯಗಳಲ್ಲಿ ‘ಅನ್‌ಲಾ’ ಆಗಿ ತಪ್ಪಿಗೆ ಹಾಕುವ ದಂಡದ ಹೆಸರಾಯಿತು. ಉತ್ತರ ಇಂಗ್ಲೆಂಡಿನ ಕಂಬರ್‌ಲೆಂಡ್, ನಾರ್ಥಂಬರ್‌ಲೆಂಡ್‌ಗಳಲ್ಲಿ ‘ಅನ್‌ಥ್ಯಾಂಕ್’ ಎಂಬ ಊರುಗಳಿವೆ. ಸ್ಥಳನಾಮ ವಿದ್ವಾಂಸರು ಅದನ್ನು ‘ಉನ್‌ಥಾಂಕೆಸ್’ ಎಂಬ ಹಳೆಯ ರೂಪದಿಂದ ಬಿಡಿಸುತ್ತಾರೆ: ಒಪ್ಪಿಗೆಯಿಲ್ಲದೆ, ಒಡೆಯನ ಇಷ್ಟಕ್ಕೆ ವಿರುದ್ಧವಾಗಿ. ಯಾರದೋ ನೆಲದಲ್ಲಿ ಅನುಮತಿ ಕೇಳದೆ ಗುಡಿಸಲು ಹಾಕಿ ಉಳುಮೆ ಶುರುಮಾಡಿದವರ ನೆಲೆಗಳು ಅವು.